ತೂಕ ಇಳಿಸುವ ಆಪರೇಷನ್ ಆದ ಮೇಲೆ ಗಟ್ಟಿ ಊಟ: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮವರು ಈ ಆಪರೇಷನ್‌ಗೆ ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ. ಕೆಲವರು ಕಣ್ಣೂರು, ಕೋಝಿಕ್ಕೋಡ್ ಕಡೆಗೂ ಹೋಗುವುದುಂಟು. ವಾಪಸ್ ಬರುವಾಗ ಕೈಯಲ್ಲಿ ಊಟದ ಹಾಳೆ ಒಂದಿರುತ್ತದೆ, ಇಂಗ್ಲಿಷಿನಲ್ಲೋ ಮಲಯಾಳದಲ್ಲೋ. ಅದರಲ್ಲಿ ಓಟ್ಸ್, ಟೋಸ್ಟ್, ಬ್ರೊಕೊಲಿ ಎಂದೆಲ್ಲ ಬರೆದಿರುತ್ತದೆ. ಮನೆಯ ಅಡಿಗೆಕೋಣೆಯಲ್ಲಿ ಇರುವುದು ಕುಚ್ಚಲಕ್ಕಿ, ತಂಬುಳಿ, ಬಸಳೆ, ಬೂತಾಯಿ. ಊಟದ ಸಲಹೆ ಕೊಡುವ ಡಯಟೀಶಿಯನ್ ಆಗಿ ನನಗೆ ಬರುವ ಪ್ರಶ್ನೆಗಳು ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀರಾಹಾರದ ವಾರಗಳಲ್ಲಿ ಎಲ್ಲರೂ ಜಾಗ್ರತೆ ಮಾಡುತ್ತಾರೆ. ಗಟ್ಟಿ ಊಟ ಶುರುವಾದ ದಿನ ಮನೆಯವರಿಗೆಲ್ಲ "ಇನ್ನು ಮುಗಿಯಿತು" ಅನ್ನಿಸುತ್ತದೆ. ನಿಜವಾದ ಅಭ್ಯಾಸ ಶುರುವಾಗುವುದೇ ಆವತ್ತು. ತಿನ್ನುವವರಷ್ಟೇ ಬಡಿಸುವವರೂ ಅದನ್ನು ಕಲಿಯಬೇಕು.

ಗಟ್ಟಿ ಊಟ ಯಾವಾಗ ಶುರು ಮಾಡಬಹುದು?

ಸಾಮಾನ್ಯವಾಗಿ ಮೊದಲ ಎರಡು ವಾರ ನೀರಾಹಾರ. ಮೂರನೇ, ನಾಲ್ಕನೇ ವಾರ ನುಣ್ಣಗೆ ರುಬ್ಬಿದ ಆಹಾರ. ಆಮೇಲೆ ಕೆಲವು ವಾರ ಬೆರಳಲ್ಲಿ ಹಿಚುಕಿದರೆ ಮೆತ್ತಗಾಗುವಂಥದ್ದು. ಮಾಮೂಲಿ ಗಟ್ಟಿ ಊಟ 6ರಿಂದ 8ನೇ ವಾರದ ಹೊತ್ತಿಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಿಮ್ಮ ಸರ್ಜನ್ ಬರೆದುಕೊಟ್ಟ ಹಾಳೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

"ನನಗೇನೂ ಆಗ್ತಿಲ್ಲ, ಒಂದು ವಾರ ಮೊದಲೇ ತಿಂದರೆ ಏನು?" ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಹೊರಗಿನ ಗಾಯ ಒಣಗಿದೆ ಎಂದರೆ ಒಳಗಿನ ಸ್ಟೇಪಲ್ ಸಾಲು, ಅಂದರೆ ಹೊಟ್ಟೆಯನ್ನು ಕತ್ತರಿಸಿ ಪಿನ್ನು ಹಾಕಿ ಮುಚ್ಚಿದ ಜಾಗ, ಕೂಡಿದೆ ಎಂದು ಅರ್ಥವಲ್ಲ. ಒಳಗೆ ಬಾವು ಇಳಿಯಲು ಅದರದ್ದೇ ಸಮಯ ಬೇಕು.

ನನ್ನದು ಸ್ಲೀವ್, ಭಾವನದ್ದು ಬೈಪಾಸ್. ಇಬ್ಬರಿಗೂ ಒಂದೇ ಊಟ ಆಗುತ್ತದಾ?

ತಟ್ಟೆಯಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಪಾಲಿಗೂ ಜಾಸ್ತಿ ಭಾಗವನ್ನು ತೆಗೆದು, ಉಳಿದದ್ದನ್ನು ಸಪೂರ ಕೊಳವೆಯ ಹಾಗೆ ಬಿಡುತ್ತಾರೆ. ಬೈಪಾಸ್‌ನಲ್ಲಿ ಮೇಲುಗಡೆ ಒಂದು ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಾಗಾಗಿ ಭಾವನಿಗೆ ಸಿಹಿಯಿಂದ ತೊಂದರೆ ಜಾಸ್ತಿ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕಡಿಮೆಯಾಗುವ ಸಂಭವವೂ ಜಾಸ್ತಿ. ನಿಮಗೆ ಎದೆಯುರಿ, ಹುಳಿತೇಗು ಹೆಚ್ಚು ಕಾಡಬಹುದು. ಊಟ ಒಟ್ಟಿಗೆ ಮಾಡಿ, ಮಾತ್ರೆ ಮಾತ್ರ ಒಬ್ಬರದ್ದು ನೋಡಿ ಇನ್ನೊಬ್ಬರು ತೆಗೆದುಕೊಳ್ಳಬೇಡಿ.

ಮೊದಲ ದಿನ ತಟ್ಟೆಗೆ ಏನು ಹಾಕಲಿ?

ಊಟದ ಬಟ್ಟಲು ಬೇಡ. ಮಕ್ಕಳಿಗೆ ತಿಂಡಿ ಕೊಡುವ ಸಣ್ಣ ಪ್ಲೇಟು, ಚಾ ಚಮಚ ಸಾಕು. ಮೀನು ತಿನ್ನುವವರಾದರೆ ಕಾಣೆ ಮೀನು ಒಳ್ಳೆಯದು. ಅರಸಿನ, ಉಪ್ಪು, ಚೂರು ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿ. ಬೆಂದ ಮೇಲೆ ನಡುಮುಳ್ಳು ಹಿಡಿದು ಎಳೆದರೆ ಪೂರ್ತಿ ಬಿಟ್ಟು ಬರುತ್ತದೆ. ಮಾಂಸ ಬಿಳಿ ಬಿಳಿ ಪದರವಾಗಿ ಬಿಡುತ್ತದೆ. ಅದರಲ್ಲಿ ಎರಡು ದೊಡ್ಡ ಚಮಚದಷ್ಟು ತೆಗೆದು, ಬೆರಳಿನಿಂದ ಒಮ್ಮೆ ಮುಟ್ಟಿ ಮುಳ್ಳು ಇಲ್ಲ ಎಂದು ನೋಡಿ, ಮೇಲಿಂದ ತೆಳು ಸಾರು ಒಂದು ಚಮಚ ಹಾಕಿ. ಪಕ್ಕದಲ್ಲಿ ಚೆನ್ನಾಗಿ ಬೆಂದ ಸೌತೆ ಅಥವಾ ಕುಂಬಳದ ಹೋಳು ಒಂದು ಚಮಚ. ಇಷ್ಟೇ ಊಟ.

ಬೂತಾಯಿ ತುಂಬ ಒಳ್ಳೆಯ ಮೀನೇ, ಒಮೆಗಾ-3 ಕೊಬ್ಬೂ ವಿಟಮಿನ್ ಡಿಯೂ ಅದರಲ್ಲಿದೆ. ಸಣ್ಣ ಮುಳ್ಳಿನ ಕಾಟದಿಂದಾಗಿ ಅದನ್ನು ಸ್ವಲ್ಪ ತಡವಾಗಿ ಶುರು ಮಾಡಿ. ಎಣ್ಣೆಯಲ್ಲಿ ಕಾಯಿಸಿದ ಮೀನು, ಒಣಮೀನು, ಕೋರಿ ರೊಟ್ಟಿ ಸದ್ಯಕ್ಕೆ ಇಲ್ಲ.

ಮೀನು, ಮೊಟ್ಟೆ ಮುಟ್ಟದ ಮನೆಯಾದರೆ ಹೆಸರುಬೇಳೆಯನ್ನು ಕುಕ್ಕರಿನಲ್ಲಿ ಕರಗುವಷ್ಟು ಬೇಯಿಸಿ, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇಟ್ಟುಕೊಳ್ಳಿ. ಜೊತೆಗೆ ಹಿಚುಕಿದ ಪನೀರ್ ಒಂದೆರಡು ಚಮಚ. ಒಗ್ಗರಣೆಗೆ ಜೀರಿಗೆ, ಕರಿಬೇವು ಸಾಕು, ಎಣ್ಣೆ ಹೆಸರಿಗೆ ಮಾತ್ರ. ಕರಿಬೇವಿನ ಎಲೆಯನ್ನು ತೆಗೆದಿಟ್ಟು ತಿನ್ನಿ.

ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಇವತ್ತು ಪನೀರ್ ಹೊಸತಾದರೆ ನಾಳೆಯೂ ಅದೇ ಇರಲಿ, ನಾಡಿದ್ದು ಬೇರೆ ನೋಡಿ. ತೊಂದರೆ ಬಂದರೆ ಯಾವುದರಿಂದ ಬಂತು ಎಂದು ತಿಳಿಯಬೇಕಲ್ವಾ?

ಗಂಜಿ ಊಟ ಮಾಡಬಹುದಾ? ಹುಷಾರಿಲ್ಲದವರಿಗೆ ನಾವು ಕೊಡುವುದೇ ಅದು.

ಎಲ್ಲ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವುದು ಹೆಚ್ಚಾಗಿ ಅಮ್ಮ ಅಥವಾ ಅತ್ತೆ. ಗಂಜಿ ಕೆಟ್ಟದ್ದಲ್ಲ. ಆದರೆ ಈ ಹೊಟ್ಟೆಯಲ್ಲಿ ಜಾಗ ಬಹಳ ಕಡಿಮೆ. ಆ ಜಾಗವನ್ನು ಅನ್ನ ಮತ್ತು ನೀರು ತುಂಬಿಬಿಟ್ಟರೆ ಪ್ರೊಟೀನಿಗೆ ಎಡೆ ಇರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಗಂಜಿ ಬೇಗ ಕೆಳಗೆ ಜಾರುತ್ತದೆ. ತಿನ್ನುವಾಗ ಏನೂ ಕಷ್ಟವಿಲ್ಲ, ಒಂದು ಗಂಟೆಯಲ್ಲಿ ಮತ್ತೆ ಹಸಿವು. ಹೀಗೆ ದಿನಕ್ಕೆ ಆರೇಳು ಸಲ ಗಂಜಿ ಕುಡಿದು "ನಾನು ಸ್ವಲ್ಪವೇ ತಿನ್ನುವುದು, ಆದರೂ ತೂಕ ಇಳಿಯುತ್ತಿಲ್ಲ, ಸುಸ್ತು ಬೇರೆ" ಎನ್ನುವವರನ್ನು ನಾನು ನೋಡುತ್ತಿರುತ್ತೇನೆ. ತಪ್ಪು ಅವರದ್ದಲ್ಲ, ಯಾರೂ ಅವರಿಗೆ ಇದನ್ನು ಬಿಡಿಸಿ ಹೇಳಿಲ್ಲ.

ಅನ್ನ ಬೇಕೇ ಬೇಕು ಅನ್ನಿಸಿದರೆ ಮೊದಲು ಮೀನು, ಮೊಟ್ಟೆ ಅಥವಾ ಬೇಳೆ ತಿಂದು ಮುಗಿಸಿ. ಆಮೇಲೆ ತರಕಾರಿ. ಅದರ ಮೇಲೆ ಜಾಗ ಉಳಿದರೆ ಕುಚ್ಚಲಕ್ಕಿ ಅನ್ನ ಒಂದೆರಡು ಚಮಚ, ನೀರು ಬಸಿದು. ಮುದ್ದೆಯಾದ ಬೆಳ್ತಿಗೆ ಅನ್ನ ಒಳಗೆ ಅಂಟಿಕೊಂಡು ಉಂಡೆಯಾಗುತ್ತದೆ. ಅದಕ್ಕಿಂತ ಬಿಡಿಬಿಡಿಯಾದ ಕುಚ್ಚಲಕ್ಕಿ ವಾಸಿ, ಆದರೆ ಅಗಿದು ಹಾಲಿನಂತೆ ಮಾಡಿಯೇ ನುಂಗಬೇಕು. ನಮ್ಮ ಕಡೆಯ ಬಟ್ಟಲಿನಲ್ಲಿ ಅನ್ನ ನಡುವೆ, ಮಿಕ್ಕದ್ದೆಲ್ಲ ಬದಿಗೆ. ಇನ್ನು ಮೇಲೆ ಬದಿಯದ್ದು ನಡುವಿಗೆ ಬರಬೇಕು.

ದಿನಕ್ಕೆ ಪ್ರೊಟೀನ್ ಎಷ್ಟು ಬೇಕು? ನಾವು ಸಸ್ಯಾಹಾರಿಗಳು.

ಹೆಚ್ಚಿನವರಿಗೆ ದಿನಕ್ಕೆ 60ರಿಂದ 80 ಗ್ರಾಂ ಎಂದು ಹೇಳುತ್ತಾರೆ. ಇದು ಸಿಗದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಲೆಕ್ಕ ಹಾಕಿ ನೋಡೋಣ. 400 ಮಿಲಿ ಹಾಲಿನಲ್ಲಿ ಸುಮಾರು 13 ಗ್ರಾಂ. 50 ಗ್ರಾಂ ಪನೀರಿನಲ್ಲಿ 9. ಬೆಂದ ಗಟ್ಟಿ ಬೇಳೆ 100 ಗ್ರಾಂ ತಿಂದರೆ 7. ಮೊಸರು 150 ಗ್ರಾಂ ತಿಂದರೆ 5. ಒಟ್ಟು 34. ಇಷ್ಟನ್ನು ತಿನ್ನುವುದೇ ಮೊದಲ ತಿಂಗಳುಗಳಲ್ಲಿ ಸಾಹಸ. ಹಾಗಾಗಿ ಸಸ್ಯಾಹಾರಿಗಳಿಗೆ ಶುರುವಿನಲ್ಲಿ ಪ್ರೊಟೀನ್ ಪುಡಿ ಇಲ್ಲದೆ ಆಗುವುದಿಲ್ಲ ಎಂದೇ ನಾನು ಹೇಳುತ್ತೇನೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ಎಂದು ಓದಿ ಕೊಳ್ಳಿ. ಜಾಹೀರಾತಿನಲ್ಲಿ ಬರುವ ಎಷ್ಟೋ ಹೆಲ್ತ್ ಡ್ರಿಂಕ್‌ಗಳಲ್ಲಿ ಪ್ರೊಟೀನಿಗಿಂತ ಸಕ್ಕರೆಯೇ ಜಾಸ್ತಿ.

ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ 6 ಗ್ರಾಂ. ಮೀನು 50 ಗ್ರಾಂ ತಿಂದರೆ ಸುಮಾರು 10. ಹುರುಳಿ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ, ಒಳ್ಳೆಯ ಪ್ರೊಟೀನ್. ನೆನೆಸಿ, ಚೆನ್ನಾಗಿ ಬೇಯಿಸಿ, ರುಬ್ಬಿ ಸಾರು ಮಾಡಿ. ಬರೀ ಕಟ್ಟು ಬಸಿದು ಕುಡಿದರೆ ಪ್ರೊಟೀನ್ ಪಾತ್ರೆಯಲ್ಲೇ ಉಳಿಯುತ್ತದೆ.

ಹೊಟ್ಟೆ ತುಂಬಿತು ಎಂದು ಹೇಗೆ ತಿಳಿಯುವುದು? ಮೊದಲಿನ ಹಾಗೆ ಅನ್ನಿಸುವುದೇ ಇಲ್ಲ.

ಮೊದಲಿನ ಹಾಗೆ ಹೊಟ್ಟೆ ಬಿಗಿಯುವವರೆಗೆ ಕಾಯಬೇಡಿ. ಈಗಿನ ಸೂಚನೆಗಳು ಬೇರೆ. ಎದೆಮೂಳೆಯ ಕೆಳಗೆ ಒತ್ತಿದ ಹಾಗೆ ಆಗುವುದು, ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ಒಂದು ಸೀನು, ಸಣ್ಣ ತೇಗು. ಒಬ್ಬೊಬ್ಬರಿಗೆ ಒಂದೊಂದು. ನಿಮ್ಮದು ಯಾವುದು ಎಂದು ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಅದು ಬಂದ ಕ್ಷಣ ಚಮಚ ಕೆಳಗಿಡಿ. ಬಾಯಿಗೆ ಹಾಕಿದ ತುತ್ತು ಕೂಡ ಬೇಕಾಗಿಲ್ಲ ಅನ್ನಿಸಿದರೆ ಉಗಿದುಬಿಡಿ. ಅನ್ನಕ್ಕೆ ಅವಮಾನ ಆಯಿತು ಎಂದು ಕೊರಗಬೇಡಿ.

ಊಟಕ್ಕೆ 20ರಿಂದ 30 ನಿಮಿಷ ಇರಲಿ. ಒಂದೊಂದು ತುತ್ತನ್ನು 20–30 ಸಲ ಅಗಿಯಿರಿ. ಎರಡು ತುತ್ತಿನ ನಡುವೆ ಚಮಚವನ್ನು ಕೈಯಿಂದ ಬಿಡಿ. ಟಿವಿ, ಫೋನ್ ನೋಡುತ್ತಾ ತಿಂದರೆ ಇದು ಯಾವುದೂ ನಡೆಯುವುದಿಲ್ಲ. ಅರ್ಧ ಗಂಟೆ ಮೀರಿದರೆ ತಟ್ಟೆಯಲ್ಲಿ ಉಳಿದದ್ದನ್ನು ತೆಗೆದಿಡಿ, ಸುಮ್ನೆ ಹೆಕ್ಕುತ್ತಾ ಕೂರಬೇಡಿ.

ತಿಂದದ್ದು ಎದೆಯಲ್ಲಿ ಸಿಕ್ಕಿದ ಹಾಗಾಗಿ ನೊರೆ ನೊರೆ ಜೊಲ್ಲು ಬಂತು. ಏನಿದು?

ಮೇಲೆ ತುತ್ತು ತಡೆದಾಗ ದೇಹ ಅದನ್ನು ಜಾರಿಸಲು ಜೊಲ್ಲು ಸುರಿಸುತ್ತದೆ, ಅದೇ ನೊರೆಯಾಗಿ ವಾಪಸ್ ಬರುತ್ತದೆ. ಹೆಚ್ಚಾಗಿ ಕಾರಣ ಮೂರು: ಬೇಗ ತಿಂದದ್ದು, ದೊಡ್ಡ ತುತ್ತು, ಒಣ ಪದಾರ್ಥ. ಚಪಾತಿ, ಬ್ರೆಡ್, ಒಣಗಿದ ಕೋಳಿ ತುಂಡು, ಪುಟ್ಟು ಇದಕ್ಕೆ ಹೆಸರುವಾಸಿ.

ಎದ್ದು ನಿಧಾನಕ್ಕೆ ಓಡಾಡಿ. ನೀರು ಕುಡಿದು ದೂಡಲು ಹೋಗಬೇಡಿ, ಮೇಲೆ ಮತ್ತಷ್ಟು ತುಂಬಿ ನೋವು ಹೆಚ್ಚುತ್ತದೆ. ಇಳಿದ ಮೇಲೆ ಆ ಹೊತ್ತಿಗೆ ಗಟ್ಟಿ ಬೇಡ, ಮುಂದಿನ ಹೊತ್ತಿಗೆ ಮೆತ್ತನೆಯದ್ದು ತಿನ್ನಿ. ಎಂದೋ ಒಮ್ಮೆ ಆದರೆ ಹೆದರಬೇಕಾಗಿಲ್ಲ. ಮೊದಲು ಸರಿಯಾಗಿ ಇಳಿಯುತ್ತಿದ್ದ ಪದಾರ್ಥವೇ ದಿನ ಹೋದಂತೆ ಇಳಿಯದಾದರೆ, ಕೊನೆಗೆ ಬರೀ ನೀರಾಹಾರ ಮಾತ್ರ ಹೋಗುತ್ತದೆ ಎಂದಾದರೆ ಒಳಗಿನ ದಾರಿ ಕಿರಿದಾಗಿರಬಹುದು. ಎಂಡೋಸ್ಕೋಪಿಯಲ್ಲಿ ನೋಡಿ, ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಇದೆ. ತಡ ಮಾಡದೆ ಸರ್ಜನ್‌ಗೆ ತಿಳಿಸಿ.

ಊಟದ ಜೊತೆ ನೀರು, ಮಜ್ಜಿಗೆ ಬೇಡ ಅಂತಾರೆ. ತಂಬುಳಿ?

ಊಟಕ್ಕೆ ಅರ್ಧ ಗಂಟೆ ಮೊದಲು ಕುಡಿಯುವುದನ್ನು ನಿಲ್ಲಿಸಿ. ಊಟವಾಗಿ ಅರ್ಧ ಗಂಟೆಯ ಮೇಲೆ ಮತ್ತೆ ಶುರು ಮಾಡಿ. ತಂಬುಳಿ, ತಿಳಿಸಾರು, ಮಜ್ಜಿಗೆ ಎಲ್ಲವೂ ಕುಡಿಯುವ ಲೆಕ್ಕಕ್ಕೇ ಸೇರುತ್ತವೆ. ಒಂದೆಲಗದ ತಂಬುಳಿ ಇಷ್ಟವಾದರೆ ಬೆಳಗ್ಗೆ ಹನ್ನೊಂದು ಗಂಟೆಗೆ ಲೋಟದಲ್ಲಿ ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ, ಬಾಯಾರಿಕೆಗೂ ಆಯಿತು.

ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಒಳಗೆ ಹೋಗಲೇಬೇಕು. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಚೆಕಪ್‌ಗೆಂದು ಮಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವ ದಿನ ನೀರು ಕುಡಿಯಲು ಮರೆಯುವವರು ಬಹಳ. ಬಾಟಲಿ ಬ್ಯಾಗಿನೊಳಗೆ ಬೇಡ, ಕೈಯಲ್ಲೇ ಇರಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದು ತಿಳಿಯಿರಿ. ಎಳನೀರು ಆಗಬಹುದು, ಆದರೆ ಅದರಲ್ಲೂ ಸಕ್ಕರೆ ಇದೆ. ಅರ್ಧ ಲೋಟ ಸಾಕು, ನಿಧಾನಕ್ಕೆ.

ಪಾಯಸ, ಹೋಳಿಗೆ, ಮಧೂರಿನ ಅಪ್ಪ... ಒಂದು ಚೂರೂ ಬೇಡವಾ?

ಬೈಪಾಸ್ ಆದವರು ಬಹಳ ಜಾಗ್ರತೆ. ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಅದು ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತಿಂದು ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನೋವು, ಭೇದಿ, ತಲೆಸುತ್ತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆ ಕಳೆದು ಬರುವ ಇನ್ನೊಂದು ಬಗೆ ಇದೆ. ಅದರಲ್ಲಿ ರಕ್ತದ ಸಕ್ಕರೆ ತೀರ ಕೆಳಗಿಳಿದು ಕೈಕಾಲು ನಡುಗುತ್ತದೆ. ಸ್ಲೀವ್ ಆದವರಿಗೂ ಇದು ಬರಬಹುದು, ಸ್ವಲ್ಪ ಕಡಿಮೆ.

ಬೆಲ್ಲ ಒಳ್ಳೆಯದು, ಸಕ್ಕರೆ ಮಾತ್ರ ಕೆಟ್ಟದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ವಿಷಯದಲ್ಲಿ ಎರಡೂ ಒಂದೇ. ಜೇನು, ಕಬ್ಬಿನಹಾಲು ಕೂಡ. ದೇವರ ಪ್ರಸಾದವಾದರೆ ಊಟವಾದ ಮೇಲೆ ಉಗುರಿನಷ್ಟು ಬಾಯಿಗೆ ಹಾಕಿ, ಉಳಿದದ್ದನ್ನು ಮನೆಯವರಿಗೆ ಕೊಡಿ. ಖಾಲಿಹೊಟ್ಟೆಗೆ ಬೇಡವೇ ಬೇಡ.

ಡಂಪಿಂಗ್ ಆದಾಗ ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ. ನಡುಕ ಬಂದಾಗ ಮನೆಯಲ್ಲಿ ಮಿಷನ್ ಇದ್ದರೆ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಸ್ವಲ್ಪ ಗ್ಲೂಕೋಸ್ ತೆಗೆದುಕೊಂಡು, ಸರಿಯಾದ ಮೇಲೆ ಏನಾದರೂ ಪ್ರೊಟೀನ್ ತಿನ್ನಿ. ಮತ್ತೆ ಮತ್ತೆ ಆದರೆ ಡಾಕ್ಟರಿಗೆ ಹೇಳಲೇಬೇಕು.

ಹಲಸು, ಬಾಳೆದಿಂಡು, ಬಸಳೆ, ತೆಂಗಿನಕಾಯಿ?

ನಾರು ಇರುವುದೇ ಇಲ್ಲಿ ಸಮಸ್ಯೆ. ಬಾಳೆದಿಂಡಿನ ನೂಲು, ನುಗ್ಗೆಯ ಸಿಪ್ಪೆ, ತುಳುವೆ ಹಲಸಿನ ನಾರು, ಕಿತ್ತಳೆಯ ಬಿಳಿ ಪೊರೆ ಒಳಗೆ ಉಂಡೆಕಟ್ಟಿ ದಾರಿ ಮುಚ್ಚಬಹುದು. ಬಸಳೆಯಲ್ಲಿ ಎಲೆ ತಿನ್ನಿ, ದಂಟು ಬಿಡಿ. ಹಲಸಿನ ಹಣ್ಣು ಮೊದಲ ಕೆಲವು ತಿಂಗಳು ಬೇಡ, ಆಮೇಲೆ ಬಕ್ಕೆಯ ಅರ್ಧ ಸೊಳೆಯನ್ನು ಸಣ್ಣಗೆ ಹೆಚ್ಚಿ ತಿನ್ನಬಹುದು. ತೆಂಗಿನಕಾಯಿಯನ್ನು ನುಣ್ಣಗೆ ಅರೆದು ಹಾಕಿದರೆ ತೊಂದರೆ ಇಲ್ಲ, ಪ್ರಮಾಣ ಕಡಿಮೆ ಇರಲಿ. ತುರಿದು ಮೇಲೆ ಉದುರಿಸಿದ ಕಾಯಿ ಮಾತ್ರ ಅಗಿದಷ್ಟೂ ಮುಗಿಯುವುದಿಲ್ಲ.

ಪತ್ರೊಡೆ ಎರಡು ಮೂರು ತಿಂಗಳ ಮೇಲೆ ಒಂದು ಸಣ್ಣ ತುಂಡು. ಹಪ್ಪಳ, ಸಂಡಿಗೆ, ಉಂಡ್ಲಕಾಳು ಒಳಗೆ ಸುಲಭವಾಗಿ ಇಳಿಯುತ್ತವೆ, ಅದೇ ಅವುಗಳ ಅಪಾಯ. ಬಾಯಲ್ಲಿ ಪುಡಿಯಾಗಿ ಜಾರುವುದರಿಂದ ಎಷ್ಟು ತಿಂದೆ ಎಂಬುದೇ ತಿಳಿಯುವುದಿಲ್ಲ.

ಮದುವೆ, ಉಪನಯನದ ಊಟಕ್ಕೆ ಹೋದರೆ ಏನು ಮಾಡಲಿ?

ಹೋಗಿ. ಮನೆಯಲ್ಲೇ ಕೂತರೆ ಮನಸ್ಸು ಕುಗ್ಗುತ್ತದೆ. ಹೋಗುವ ಮೊದಲು ಮನೆಯಲ್ಲಿ ಪ್ರೊಟೀನ್ ತಿಂದು ಹೋಗಿ. ಹಂತಿಯಲ್ಲಿ ಕೂತರೆ ಬಡಿಸುವವರ ವೇಗಕ್ಕೆ ನೀವು ಓಡಬೇಕಾಗುತ್ತದೆ, ಎದ್ದೇಳುವಾಗ ಎಲ್ಲರೊಟ್ಟಿಗೆ ಏಳಬೇಕು. ಈ ಹೊಟ್ಟೆಗೆ ಅದು ಆಗದು. ಬಫೆ ಇದ್ದರೆ ಅದೇ ಒಳ್ಳೆಯದು. ಕೂರಲೇಬೇಕಾದರೆ ಕೊನೆಯ ಹಂತಿಯಲ್ಲಿ ಕೂತು, ಎಲೆಯ ಮೇಲೆ ಬೇಕಾದ ಎರಡು ಪದಾರ್ಥ ಮಾತ್ರ ಹಾಕಿಸಿಕೊಳ್ಳಿ.

ಒತ್ತಾಯ ಮಾಡುವುದು ನಮ್ಮ ಕಡೆಯ ಪ್ರೀತಿ. "ಇಷ್ಟೇನಾ? ಇನ್ನು ಸ್ವಲ್ಪ" ಎನ್ನುವ ದೊಡ್ಡಮ್ಮನಿಗೆ ಕೋಪ ತೋರಿಸಿ ಪ್ರಯೋಜನವಿಲ್ಲ. "ದೊಡ್ಡಮ್ಮ, ಹೊಟ್ಟೆಯ ಆಪರೇಷನ್ ಆಗಿದೆ, ಡಾಕ್ಟರು ಇಷ್ಟೇ ಹೇಳಿದ್ದಾರೆ" ಎಂದರೆ ಸಾಕು. ಯಾವ ಆಪರೇಷನ್ ಎಂದು ಎಲ್ಲರಿಗೂ ವಿವರಿಸುವ ಸಾಲ ನಿಮ್ಮ ಮೇಲಿಲ್ಲ. ಬಡಿಸುವವರಿಗೆ ನನ್ನದೊಂದು ಕೋರಿಕೆ: ಬೇಡ ಎಂದವರ ಎಲೆಗೆ ಹಾಕಬೇಡಿ. ಒಂದು ಸೌಟು ಹೆಚ್ಚಾದದ್ದು ಅವರಿಗೆ ಅಂದಿನ ಇಡೀ ಸಂಜೆಯ ವಾಂತಿ.

ಏಕಾದಶಿ, ಸೋಮವಾರದ ಉಪವಾಸ, ರಂಜಾನ್ ಉಪವಾಸ?

ಮೊದಲ ವರ್ಷ ಬೇಡ ಎನ್ನುವುದು ನನ್ನ ಸಲಹೆ. ನೀರೂ ಕುಡಿಯದ ಉಪವಾಸವಂತೂ ಖಂಡಿತ ಬೇಡ. ಆಮೇಲೆ ಮಾಡುವುದಾದರೂ ರಕ್ತಪರೀಕ್ಷೆ ನೋಡಿ, ಡಾಕ್ಟರನ್ನು ಕೇಳಿ. ಫಲಾಹಾರ ಎಂದು ಸಾಬಕ್ಕಿ, ಅವಲಕ್ಕಿ, ಬಾಳೆಹಣ್ಣು ತಿನ್ನುವ ದಿನ ಪ್ರೊಟೀನ್ ಹತ್ತಿರ ಹತ್ತಿರ ಸೊನ್ನೆ.

ಚಾ, ಕಾಫಿ, ಸೋಡಾ ಶರಬತ್ತು, ಮದ್ಯ?

ಚಾ, ಕಾಫಿ ಮೊದಲ ತಿಂಗಳು ಬಿಡಿ, ಆಮೇಲೆ ಸಕ್ಕರೆ ಇಲ್ಲದೆ ಸ್ವಲ್ಪ. ಗ್ಯಾಸಿನ ಸೋಡಾ ಬೇಡ. ಮದ್ಯ ಈಗ ಬಹಳ ಬೇಗ ತಲೆಗೇರುತ್ತದೆ, ಚಟವೂ ಬೇಗ ಹಿಡಿಯುತ್ತದೆ. ಬಿಟ್ಟುಬಿಡುವುದೇ ಒಳ್ಳೆಯದು. ಬೀಡಿ ಸಿಗರೇಟಿನಿಂದ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ಊಟ ಸರಿಯಾಗಿದ್ದರೂ ಮಾತ್ರೆ ಬೇಕಾ? ಎಷ್ಟು ದಿನ?

ಜೀವನಪೂರ್ತಿ. ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಇದೇ ಸತ್ಯ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ನಿಮ್ಮ ಡಾಕ್ಟರು ಬರೆದ ಪ್ರಮಾಣದಲ್ಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಚಾ ಜೊತೆಯಲ್ಲೂ ಬೇಡ. ಒಂದು ವರ್ಷ ಆರಾಮವಾಗಿ ಇದ್ದೆ ಎಂದು ಮಾತ್ರೆ ಬಿಟ್ಟು, ಆಮೇಲೆ ಕಾಲು ಜೋಮು, ರಕ್ತಹೀನತೆ ಎಂದು ಬರುವವರಿದ್ದಾರೆ. ಬಿ12 ಲಿವರಿನಲ್ಲಿ ಸಂಗ್ರಹ ಇರುತ್ತದೆ, ಕೊರತೆ ಕಾಣಿಸುವಾಗ ತಡವಾಗಿರುತ್ತದೆ.

ಮೊಣಕಾಲು ನೋವೆಂದು ಮೆಡಿಕಲ್‌ನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಆಗಬಹುದು. ಶುಗರ್, ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಿನವರಿಗೆ ಇಳಿಸಬೇಕಾಗುತ್ತದೆ. ಹಳೆಯ ಚೀಟಿ ಹಿಡಿದು ಮುಂದುವರಿಸಬೇಡಿ, ನೀವೇ ನಿಲ್ಲಿಸಲೂ ಬೇಡಿ.

ಕೂದಲು ಉದುರುತ್ತಿದೆ. ಊಟದ ತಪ್ಪಾ?

ಮೂರನೇ ತಿಂಗಳಿನಿಂದ ಆರನೇ ತಿಂಗಳವರೆಗೆ ಉದುರುವುದು ಸಾಮಾನ್ಯ. ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಪ್ರೊಟೀನ್, ಕಬ್ಬಿಣ ಸರಿ ಇದೆಯಾ ಎಂದು ನೋಡಿಕೊಳ್ಳಿ. ಎಣ್ಣೆ ಬದಲಿಸಿ ದುಡ್ಡು ಖರ್ಚು ಮಾಡಬೇಡಿ.

ಮಕ್ಕಳಾಗಬೇಕು ಎಂದಿದ್ದೇವೆ.

12ರಿಂದ 18 ತಿಂಗಳು ಕಾಯಿರಿ. ತೂಕ ಇಳಿದಂತೆ ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆ. ಬೈಪಾಸ್ ಆದವರಿಗೆ ನುಂಗುವ ಗರ್ಭನಿರೋಧಕ ಮಾತ್ರೆ ಪೂರ್ತಿ ಕೆಲಸ ಮಾಡದೆ ಇರಬಹುದು. ಬೇರೆ ದಾರಿಯನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಿ.

ಯಾವಾಗ ಗಾಬರಿಯಾಗಬೇಕು? ಮಂಗಳೂರು ದೂರ, ರಾತ್ರಿ ಇಲ್ಲಿಯೇ ಹತ್ತಿರದ ಆಸ್ಪತ್ರೆಗೆ ಹೋಗಬಹುದಾ?

ಹೋಗಬಹುದು, ಹೋಗಬೇಕು. ಜ್ವರ, ಕೂತಲ್ಲೇ ನಿಮಿಷಕ್ಕೆ 120 ಮೀರುವ ನಾಡಿಬಡಿತ, ಹೊಟ್ಟೆ ಅಥವಾ ಭುಜದ ಜೋರು ನೋವು, ಉಸಿರಾಟದ ಕಷ್ಟ, ಕಪ್ಪು ಮಲ, ರಕ್ತವಾಂತಿ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದು ದಿನವಿಡೀ ನೀರೂ ನಿಲ್ಲದಿದ್ದರೆ ಕೂಡ ಹೊರಡಿ. ಬಲಬದಿಯ ಪಕ್ಕೆಯ ಕೆಳಗೆ ನೋವು ಬಂದು ಹೋಗುತ್ತಿದ್ದರೆ ಪಿತ್ತಕೋಶದ ಕಲ್ಲು ಇರಬಹುದು, ತೂಕ ಬೇಗ ಇಳಿಯುವಾಗ ಅದು ಆಗುವುದುಂಟು.

ವಾರಗಟ್ಟಲೆ ವಾಂತಿ ಇದ್ದವರ ಮನೆಯವರು ಇದನ್ನು ಗಮನವಿಟ್ಟು ಓದಿ. ದೃಷ್ಟಿ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ಅದು ಬರೀ ಸುಸ್ತು ಅಲ್ಲ. ಥಯಾಮಿನ್ ಎಂಬ ಬಿ1 ವಿಟಮಿನ್ ಖಾಲಿಯಾಗಿ ಮೆದುಳಿಗೆ ಪೆಟ್ಟು ಬೀಳುತ್ತಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಂಥವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಸ್ಥಿತಿ ಕೆಡಬಹುದು. ಆದ್ದರಿಂದ ಡ್ಯೂಟಿ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ: "ತೂಕ ಇಳಿಸುವ ಆಪರೇಷನ್ ಆಗಿದೆ, ತುಂಬ ದಿನದಿಂದ ವಾಂತಿ ಇದೆ, ಥಯಾಮಿನ್ ಬೇಕಾಗಬಹುದಾ ನೋಡಿ." ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವ ಮಾತು ಬಂದರೆ ಮೊದಲು ಸರ್ಜನ್ ಜೊತೆ ಮಾತಾಡಲು ಕೇಳಿಕೊಳ್ಳಿ. ಒಳಗಿನ ಆಕಾರ ಬದಲಾಗಿರುವುದು ಹೊರಗಿನಿಂದ ಅವರಿಗೆ ಕಾಣುವುದಿಲ್ಲ.

ಡಿಸ್ಚಾರ್ಜ್ ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಯಾವ ಆಪರೇಷನ್, ಯಾವ ದಿನ, ಸರ್ಜನ್ ನಂಬರ್, ಈಗಿನ ಮಾತ್ರೆಗಳು ಇಷ್ಟನ್ನು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ಪಾಳಿಯ ಡಾಕ್ಟರಿಗೆ ಕನ್ನಡ ಬಾರದೆ ಇರಬಹುದು, ನಿಮಗೆ ಆ ಹೊತ್ತಿಗೆ ಮಲಯಾಳ ಬಾಯಿಗೆ ಬಾರದೆ ಇರಬಹುದು.